ಒಂದೇ ನಂಬರಿನ ಎರಡು ಯಂತ್ರ

"ಮತ್ತೆ ಹೋಯ್ತು ಸರ್" ಎಂದಳು ಸುಮೇಧಾ.

ಸರ್ಕಲ್ ಇನ್ಸ್‌ಪೆಕ್ಟರ್ ವೆಂಕಟರಾಯಪ್ಪ ಕುರ್ಚಿಯಿಂದ ಅರ್ಧ ಎದ್ದವರು ಹಾಗೇ ಕುಸಿದು ಕೂತರು. ಬೆಳಗ್ಗೆ ಹತ್ತರಿಂದ ಇದು ಹನ್ನೊಂದನೇ ಸಲ. ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನ ಮೂಲೆಯಲ್ಲಿ ಇಷ್ಟು ಹೊತ್ತು ಹಸಿರಾಗಿದ್ದ ಪುಟ್ಟ ಗುರುತಿನ ಮೇಲೆ ಈಗ ಕೆಂಪು ಅಡ್ಡಗೀಟು ಬಿದ್ದಿತ್ತು.

"ಏನಮ್ಮಾ ಹೋಗಿದ್ದು? ಕರೆಂಟಾ?"

"ಕರೆಂಟ್ ಇದೆ ಸರ್. ಟೆಲಿಫೋನ್ ಲೈನೂ ಚೆನ್ನಾಗಿದೆ. ವೈರ್‌ಲೆಸ್ ನೆಟ್ಟು ಮಾತ್ರ ಹೋಯ್ತು."

"ಅದು ಬರೋದೂ ಕಾಣಲ್ಲ, ಹೋಗೋದೂ ಕಾಣಲ್ಲ. ಕಾಣದೇ ಇರೋದನ್ನ ನಾನು ಹೆಂಗಮ್ಮಾ ಹಿಡೀಲಿ?"

ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ವೆಂಕಟರಾಯಪ್ಪ ಹೊಲದ ಕೆಸರಿನಲ್ಲಿ ಮೂಡಿದ ಹೆಜ್ಜೆ ನೋಡಿ ಕಳ್ಳನ ಕುಂಟುಗಾಲನ್ನು ಹೇಳಿದವರು. ಹೋಳೂರಿನ ಕೊಲೆ ಕೇಸನ್ನು ಬರೀ ಬೀಡಿ ತುಂಡಿನಿಂದ ಬಿಡಿಸಿದವರು. ಅಂಥವರು ಈಗ ಮೂರು ದಿನದಿಂದ ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬದ ಮುಂದೆ, ದೇವರ ಮುಂದೆ ಕೂತ ಹಾಗೆ ಕೂತಿದ್ದರು. ಅದರ ಮೇಲಿನ ದೀಪಗಳು ಮಿನುಗುತ್ತಿದ್ದವು. ಮಾಡೆಮ್ ಅಂತೆ. ಕೋಲಾರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಸುಮೇಧಾಳನ್ನು ಇಲಾಖೆಯೇ ಕರೆಸಿತ್ತು. ಆಕೆಗೆ ಮೂವತ್ತು ದಾಟಿರಲಿಲ್ಲ, ಮಾತು ಕಡಿಮೆ. ಆ ಕಡಿಮೆ ಮಾತೇ ಅವರ ತಾಳ್ಮೆಯನ್ನು ಇನ್ನಷ್ಟು ಕೆಡಿಸುತ್ತಿತ್ತು.

ತಾಯಲೂರಿನ ರೇಷ್ಮೆ ಬೆಳೆಗಾರ ಕದಿರಪ್ಪನ ಮಗಳು ರಮ್ಯ, ಮುಳಬಾಗಿಲಿನಲ್ಲಿ ಅವರೀಗ ಕೂತಿದ್ದ ಈ ಮನೆಯ ಮುಂಗೋಣೆಯ ಆಡಿಟರ್ ಆಫೀಸಿನಲ್ಲಿ ಟೈಪಿಂಗ್ ಕೆಲಸ ಮುಗಿಸಿ ಸಂಜೆ ಬಸ್‌ಸ್ಟ್ಯಾಂಡಿನ ಕಡೆ ನಡೆದವಳು ಊರು ಸೇರದೆ ಇವತ್ತಿಗೆ ಒಂಬತ್ತು ದಿನ.

ಆಮೇಲೆ ಅವಳ ಹೆಸರಿನಲ್ಲಿ ಮೂರು ಈಮೇಲ್ ಬಂದಿದ್ದವು. ಮೂರೂ ಅವಳ ಅಣ್ಣ ಮುರಳಿಮೋಹನನಿಗೆ. 'ನಾನು ದೂರದ ಊರಲ್ಲಿ ಚೆನ್ನಾಗಿದ್ದೀನಿ, ಹುಡುಕಬೇಡಿ.' ವೇಮಗಲ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮುರಳಿ, ಅಪ್ಪನ ಸಮಾಧಾನಕ್ಕೆಂದು ಅವನ್ನು ಪ್ರಿಂಟ್ ತೆಗೆಸಿ ಓದಿ ಹೇಳಿದ. ಅಪ್ಪನಿಗೆ ಸಮಾಧಾನ ಆಗಲಿಲ್ಲ. ಕಾಗದಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನೇರ ಠಾಣೆಗೆ ತಂದ.

ಬೆಂಗಳೂರಿನ ತಜ್ಞರು ಜಾಡು ಹಿಡಿದು ಕೊಟ್ಟ ಉತ್ತರ ಎಲ್ಲರನ್ನೂ ಬೆಚ್ಚಿಬೀಳಿಸಿತ್ತು. ಮೂರೂ ಮೇಲ್ ಹೊರಟಿದ್ದು ದೂರದ ಊರಿಂದಲ್ಲ, ಇದೇ ಮನೆಯ ಇಂಟರ್‌ನೆಟ್ ಸಂಪರ್ಕದಿಂದ. ಆಡಿಟರ್ ಮಾಧವನ ಮನೆಯಿಂದ!

"ಸಂಜೆ ಐದರೊಳಗೆ ಮಾಧವನನ್ನು ಅರೆಸ್ಟ್ ಮಾಡ್ಕೊಂಡು ಬನ್ನಿ" ಎಂದು ಕೋಲಾರದಿಂದ ಮೇಲಧಿಕಾರಿಯ ಫೋನು ಬಂದು ಒಂದು ಗಂಟೆಯಾಗಿತ್ತು. ಠಾಣೆಯ ಮುಂದೆ ತಾಯಲೂರಿನ ಐವತ್ತು ಜನ ಕೂತಿದ್ದರು.

ಗೋಡೆಗೆ ಒರಗಿ ನಿಂತಿದ್ದ ಮಾಧವ ಒಣಗಿದ ದನಿಯಲ್ಲಿ ಹೇಳಿದ. "ನಾನು ಬಡ್ಕೊಳ್ತಾ ಇರೋದು ಅದನ್ನೇ ಅಲ್ವಾ ಸರ್? ನನಗೇ ಈ ನೆಟ್ಟು ಹತ್ತು ನಿಮಿಷ ನಿಲ್ಲಲ್ಲ. ಕಕ್ಷಿದಾರರ ಒಂದು ರಿಟರ್ನ್ಸ್ ಕಳಿಸೋದಕ್ಕೆ ನಾಲ್ಕು ಸಲ ಕೂರಬೇಕು. ಇಂಥದ್ರಲ್ಲಿ ನಾನು ಆ ಮಗು ಹೆಸರಲ್ಲಿ ಮೇಲ್ ಕಳಿಸ್ತೀನಾ?"

"ಈ ಮಾತು ನಾನು ಇಪ್ಪತ್ತು ಸಲ ಕೇಳಿದ್ದೀನಿ ಮಾಧವರಾಯರೇ."

"ಇಪ್ಪತ್ತೊಂದನೇ ಸಲ ನಂಬಿ."

ಒಳಗಿನ ಬಾಗಿಲಲ್ಲಿ ಮಾಧವನ ತಾಯಿ ಕೃಷ್ಣಮ್ಮ ನಿಂತಿದ್ದರು. ಅವರು ಅಳಲಿಲ್ಲ, ಬೇಡಲಿಲ್ಲ. ಮೂರು ದಿನದಿಂದ ಮನೆ ತುಂಬ ಓಡಾಡುತ್ತಿದ್ದ ಪೊಲೀಸರ ಬೂಟುಗಳನ್ನು ಮಾತ್ರ ದಿಟ್ಟಿಸಿ ನೋಡುತ್ತಿದ್ದರು.

ಹೊರಗಿನಿಂದ ಮುನಿಶಾಮಿ ಕಾಫಿ ತಂದ. ಇಲಾಖೆಯ ಜೀಪು ಇಂಜಿನ್ ಬಿಚ್ಚಿಸಿಕೊಂಡು ಗ್ಯಾರೇಜಿನಲ್ಲಿ ಮಲಗಿದ್ದರಿಂದ ವೆಂಕಟರಾಯಪ್ಪ ಒಂದು ವಾರದಿಂದ ಓಡಾಡುತ್ತಿದ್ದದ್ದು ಅವನ ಬಾಡಿಗೆ ವ್ಯಾನಿನಲ್ಲೇ. ಒಳ್ಳೆ ಡ್ರೈವರು. ಕರೆದ ಹೊತ್ತಿಗೆ ಬರುತ್ತಿದ್ದ, ಊಟದ ಹೊತ್ತಿಗೆ ನೆನಪಿಸುತ್ತಿದ್ದ.

"ಯಾಕ್ ಸಾರ್ ಈ ಡಬ್ಬದ ಜೊತೆ ತಲೆ ಕೆಡಿಸ್ಕೊಂತೀರಿ?" ಎಂದು ಲೋಟ ಕೊಡುತ್ತಾ ಪಿಸುಗುಟ್ಟಿದ. "ಅಯ್ಯನೋರ್ನ ಗಾಡಿ ಹತ್ಸಿ, ನಡೀರಿ. ಹೊಟ್ಟೇಲಿರೋದೆಲ್ಲಾ ಠಾಣೇಲಿ ತಾನೇ ಬತ್ತದೆ."

"ಸುಮ್ನಿರಯ್ಯಾ" ಎಂದರು ವೆಂಕಟರಾಯಪ್ಪ. ಆದರೆ ಮನಸ್ಸು ಆ ಕಡೆಗೇ ವಾಲುತ್ತಿತ್ತು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಅಂಥ ಹುಡುಗಿಯನ್ನು ಯಾರೋ ಕಂಡರಂತೆ ಎಂದು ಹೋಗಿ ಒಂದು ದಿನ ಹಾಳಾಯಿತು. ಮಾಲೂರಿನ ಲಾಡ್ಜ್ ಒಂದರಲ್ಲಿ ಇದ್ದಾಳಂತೆ ಎಂದು ಓಡಿ ಇನ್ನೊಂದು ದಿನ. ಎಲ್ಲೂ ಏನೂ ಇಲ್ಲ. ಇಂಟರ್‌ನೆಟ್ಟಿನ ಈ ಒಂದು ಎಳೆ ಬಿಟ್ಟರೆ ಕೈಯಲ್ಲಿ ಬೇರೇನೂ ಉಳಿದಿರಲಿಲ್ಲ. ಅದೂ ಘಳಿಗೆಗೊಂದು ಸಲ ಕಡಿದು ಬೀಳುತ್ತಿತ್ತು.

ಕಾಫಿ ಕುಡಿದು ಲೋಟ ಕುಕ್ಕಿದರು. "ನೋಡಮ್ಮಾ, ಕೊನೇದಾಗಿ ಕೇಳ್ತೀನಿ. ಕೆಟ್ಟಿರೋದು ಲ್ಯಾಪ್‌ಟಾಪಾ, ಈ ಮಾಡೆಮ್ಮಾ?"

"ಎರಡೂ ಕೆಟ್ಟಿಲ್ಲ ಸರ್."

"ಆಂ?"

"ನಿನ್ನೆ ಲ್ಯಾಪ್‌ಟಾಪನ್ನ ಕೋಲಾರಕ್ಕೆ ತಗೊಂಡು ಹೋಗಿ ನನ್ನ ಅಂಗಡೀಲಿ ಐದು ಗಂಟೆ ಓಡಿಸ್ದೆ. ಒಂದು ಸಲಾನೂ ಕಡೀಲಿಲ್ಲ. ಇಲ್ಲಿ ಬೆಳಗ್ಗೆಯಿಂದ ನನ್ನ ಲ್ಯಾಪ್‌ಟಾಪನ್ನ ಈ ಮಾಡೆಮ್‌ಗೇ ಸೇರಿಸಿದ್ದೀನಿ. ಅದೂ ಕಡೀತಿಲ್ಲ. ಇವರ ಲ್ಯಾಪ್‌ಟಾಪ್ ಇವರ ಮಾಡೆಮ್‌ಗೆ ಸೇರಿದಾಗ ಮಾತ್ರ ಹೀಗಾಗುತ್ತೆ."

"ಗಂಡನೂ ಒಳ್ಳೇನು, ಹೆಂಡ್ತೀನೂ ಒಳ್ಳೇಳು. ಸಂಸಾರ ಮಾತ್ರ ಆಗ್ತಿಲ್ಲ ಅಂತೀಯಾ?"

ಸುಮೇಧಾ ನಗಲಿಲ್ಲ. ಮಾಧವನ ಕಡೆ ತಿರುಗಿದಳು. "ಯಾವತ್ತಿನಿಂದ ಸರ್ ಹೀಗೆ? ಸರಿಯಾಗಿ ಜ್ಞಾಪಿಸ್ಕೊಂಡು ಹೇಳಿ."

ಮಾಧವ ಡ್ರಾ ಎಳೆದು ಡೈರಿ ತೆಗೆದ. ಲೆಕ್ಕ ಬಲ್ಲವನ ಡೈರಿ, ಎಲ್ಲಕ್ಕೂ ತಾರೀಖು. "ಟೆಲಿಫೋನ್ ಆಫೀಸಿಗೆ ಕಂಪ್ಲೇಂಟ್ ಮಾಡಿದ್ದು ಜುಲೈ ಹದಿನಾರು. ಶುರುವಾಗಿದ್ದು ಹಿಂದಿನ ದಿನ, ಹದಿನೈದರ ಸಂಜೆ. ಅದಕ್ಕೆ ಮುಂಚೆ ಒಂದು ವರ್ಷದಿಂದ ಒಂದೂ ತೊಂದರೆ ಇರಲಿಲ್ಲ."

ವೆಂಕಟರಾಯಪ್ಪನವರ ಕೈ ಮೀಸೆಯ ಮೇಲೆ ನಿಂತಿತು.

ಇಷ್ಟು ದಿನ ಯಾರೂ ತಾರೀಖು ಕೇಳಿರಲಿಲ್ಲ. ತಾವೂ ಕೇಳಿರಲಿಲ್ಲ. ಯಂತ್ರದ ವಿಷಯ ತಮಗೆ ತಿಳಿಯುವುದಲ್ಲ ಎಂದು ಬಿಟ್ಟಿದ್ದರು. ನೆರೆಮನೆಯ ನಾಯಿ ಯಾವತ್ತು ಬೊಗಳುವುದನ್ನು ನಿಲ್ಲಿಸಿತು ಎಂದು ಕೇಳುವ ಮನುಷ್ಯ, ಇದನ್ನು ಕೇಳುವುದು ಮರೆತಿದ್ದ. ತಮ್ಮ ಮೇಲೆ ತಮಗೇ ಸಿಟ್ಟು ಬಂತು.

"ಹುಡುಗಿ ಕಾಣೆಯಾಗಿದ್ದು ಹದಿನಾಲ್ಕು. ನೆಟ್ ಕೆಟ್ಟಿದ್ದು ಹದಿನೈದು." ಅವರು ಎದ್ದು ನಿಂತರು. "ಮುಂದಕ್ಕೆ ಹೇಳಮ್ಮಾ."

ಸುಮೇಧಾ ಮಾಧವನ ಲ್ಯಾಪ್‌ಟಾಪನ್ನು ಆರಿಸಿದಳು. ಮಗುಚಿ ಹಾಕಿ ಬ್ಯಾಟರಿಯನ್ನೂ ಕಿತ್ತು ಮೇಜಿನ ಮೇಲಿಟ್ಟಳು. ಆಮೇಲೆ ತನ್ನ ಲ್ಯಾಪ್‌ಟಾಪನ್ನು ಎಳೆದುಕೊಂಡು ಏನೋ ಟೈಪ್ ಮಾಡಿದಳು. ತೆರೆಯ ಮೇಲೆ ಒಂದು ಪಟ್ಟಿ ಬಂತು.

"ಈ ಕ್ಷಣದಲ್ಲಿ ಮಾಡೆಮ್‌ಗೆ ಯಾರ್ಯಾರು ಸೇರ್ಕೊಂಡಿದ್ದಾರೆ ಅಂತ ಇದು ತೋರಿಸುತ್ತೆ ಸರ್. ಮೊದಲನೇದು ನಂದು. ಎರಡನೇದು ಓದಿ."

ಅಕ್ಷರ, ಅಂಕಿ ಬೆರೆತ ಒಂದು ಉದ್ದ ಸಾಲು. ವೆಂಕಟರಾಯಪ್ಪ ಕನ್ನಡಕ ಏರಿಸಿ ಓದಿದರು. ಸುಮೇಧಾ ಮಗುಚಿದ ಲ್ಯಾಪ್‌ಟಾಪಿನ ಹೊಟ್ಟೆಗೆ ಅಂಟಿಸಿದ್ದ ಚೀಟಿಯ ಮೇಲೆ ಬೆರಳಿಟ್ಟಳು. ಅದೇ ಸಾಲು. ಒಂದು ಅಕ್ಷರವೂ ಬೇರೆಯಿಲ್ಲ.

"ಪ್ರತಿ ಯಂತ್ರಕ್ಕೂ ಹುಟ್ಟುವಾಗಲೇ ಒಂದು ನಂಬರ್ ಕೊಟ್ಟಿರ್ತಾರೆ. ಇವರ ಮಾಡೆಮ್ಮು ಈ ನಂಬರಿನ ಲ್ಯಾಪ್‌ಟಾಪನ್ನ ಬಿಟ್ಟು ಬೇರೆ ಯಾವುದನ್ನೂ ಒಳಗೆ ಬಿಡದ ಹಾಗೆ ಕಟ್ಟುಮಾಡಿಟ್ಟಿದ್ರು. ಬೆಳಗ್ಗೆ ನಂದನ್ನೂ ನಾನೇ ಸೇರಿಸ್ಬೇಕಾಯ್ತು."

"ಆದ್ರೆ ಈ ಲ್ಯಾಪ್‌ಟಾಪ್ ಆರಿಸಿದ್ಯಲ್ಲಮ್ಮಾ? ಬ್ಯಾಟರೀನೂ ಕಿತ್ತಾಕಿದ್ದೀಯ."

"ಹೌದು ಸರ್. ಆದರೂ ಇದರ ನಂಬರು ಒಳಗೆ ಓಡಾಡ್ತಾ ಇದೆ."



ವೆಂಕಟರಾಯಪ್ಪನವರಿಗೆ ನಂಗಲಿ ಚೆಕ್‌ಪೋಸ್ಟು ನೆನಪಾಯಿತು. ಸಬ್‌ಇನ್ಸ್‌ಪೆಕ್ಟರಾಗಿದ್ದ ಕಾಲ. ಒಂದೇ ನಂಬರ್ ಪ್ಲೇಟಿನ ಎರಡು ಲಾರಿ. ಒಂದಕ್ಕೆ ಪರ್ಮಿಟ್ಟು, ಇನ್ನೊಂದು ಅದರ ಹೆಸರು ಹೇಳಿಕೊಂಡು ಗಡಿ ದಾಟುತ್ತಿತ್ತು. ಎರಡೂ ಒಂದೇ ದಿನ ಗೇಟಿಗೆ ಬಂದಾಗ ಸಿಕ್ಕಿಬಿದ್ದವು.

"ಕಳ್ಳ ನಂಬರ್ ಪ್ಲೇಟು!" ಎಂದು ಮೇಜು ಗುದ್ದಿದರು. "ಇವರ ನಂಬರ್ ಹಾಕ್ಕೊಂಡು ಇನ್ನೊಂದು ಲ್ಯಾಪ್‌ಟಾಪು ಇವರ ನೆಟ್ಟಲ್ಲಿ ಓಡ್ತಾ ಇದೆ. ಎರಡೂ ಒಟ್ಟಿಗೆ ಬಂದಾಗ ಗೇಟಿನವನಿಗೆ ಯಾರನ್ನ ಬಿಡಬೇಕೋ ಗೊತ್ತಾಗಲ್ಲ. ಒಂದು ಸಲ ಇವನನ್ನ ಬಿಡ್ತಾನೆ, ಒಂದು ಸಲ ಅವನನ್ನ. ಅದಕ್ಕೇ ಕಡೀತಾ ಇದೆ. ಹೌದೇನಮ್ಮಾ?"

"ಸರಿಯಾಗಿ ಹೇಳಿದ್ರಿ ಸರ್." ಮೂರು ದಿನದಲ್ಲಿ ಮೊದಲ ಸಲ ಸುಮೇಧಾ ನಕ್ಕಳು.

ಮಾಧವ ಗೋಡೆಗೆ ಒರಗಿದವನು ಹಾಗೇ ಜಾರಿ ನೆಲದ ಮೇಲೆ ಕೂತ. ಕೃಷ್ಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ವೆಂಕಟರಾಯಪ್ಪ ನೋಡಿದರೂ ನೋಡದವರಂತೆ ಮುಖ ತಿರುಗಿಸಿದರು.

"ಈ ನಂಬರು, ನಿಮ್ಮ ಪಾಸ್‌ವರ್ಡು, ಎರಡೂ ಯಾರಿಗೆ ಗೊತ್ತಿತ್ತು?"

"ನನಗೆ. ಮತ್ತೆ ಮಾಡೆಮ್ ಕೂರಿಸಿಕೊಟ್ಟ ವಂಶಿಕೃಷ್ಣನಿಗೆ" ಎಂದ ಮಾಧವ. "ಎದುರಿನ ಮೊಬೈಲ್ ಅಂಗಡಿಯವನು."

* * *

ವಂಶಿಕೃಷ್ಣ ಗಟ್ಟಿಮುಟ್ಟಾದ ಯುವಕ. ಕರೆತಂದಾಗ ನಗುತ್ತಲೇ ಬಂದ. ಮೇಜಿನ ಮೇಲೆ ಬ್ಯಾಟರಿ ಕಿತ್ತು ಮಲಗಿಸಿದ್ದ ಲ್ಯಾಪ್‌ಟಾಪ್ ಕಂಡಾಗ ನಗು ಅರ್ಧಕ್ಕೆ ನಿಂತಿತು.

"ಕೂತ್ಕೊಳ್ಳಪ್ಪಾ" ಎಂದರು ವೆಂಕಟರಾಯಪ್ಪ. "ಅಂಗಡೀಲಿ ಎಷ್ಟು ಲ್ಯಾಪ್‌ಟಾಪ್ ಇದೆ?"

"ಒಂದೂ ಇಲ್ಲ ಸಾರ್. ಬರೀ ಮೊಬೈಲು, ಕರೆನ್ಸಿ."

"ಈ ಮನೆ ನೆಟ್ಟನ್ನ ಕದ್ದು ಬಳಸ್ತಿದ್ದೀಯ."

"ತಾಯಾಣೆಗೂ ಇಲ್ಲ ಸಾರ್!"

"ಹಂಗಾದ್ರೆ ಬಳಸೋದಕ್ಕೆ ಬೇರೆಯೋರಿಗೆ ಕೊಟ್ಟಿದ್ದೀಯ."

ವಂಶಿ ಬಾಗಿಲ ಕಡೆ ನೋಡಿದ. ಬೀದಿಯಲ್ಲಿ ಬಸ್ಸೊಂದು ಹಾರನ್ ಬಾರಿಸುತ್ತಾ ಹೋಯಿತು. ವೆಂಕಟರಾಯಪ್ಪ ಕುರ್ಚಿಯನ್ನು ಎಳೆದು ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕೂತರು. ಇದು ಅವರಿಗೆ ಗೊತ್ತಿದ್ದ ಕೆಲಸ. ಎದುರಿಗೆ ಮನುಷ್ಯನ ಮುಖ, ಹಣೆಯ ಬೆವರು. ಮೂರು ದಿನದ ಚಡಪಡಿಕೆ ಒಂದು ಕ್ಷಣ ಇಳಿದಂತಾಯಿತು.

"ಲೇ, ಕೇಳು. ಒಂದು ಹೆಣ್ಣುಮಗು ಒಂಬತ್ತು ದಿನದಿಂದ ಕಾಣ್ತಿಲ್ಲ. ಅವಳ ಹೆಸರಲ್ಲಿ ಯಾರೋ ಈ ಮನೆ ನೆಟ್ಟಿಂದ ಮೇಲ್ ಬರೀತಿದ್ದಾನೆ. ನಂಬರ್ ಗೊತ್ತಿರೋನು ನೀನೊಬ್ಬನೇ. ಸಂಜೆ ಐದಕ್ಕೆ ನಾನು ಒಬ್ಬನ್ನ ಕೋಲಾರಕ್ಕೆ ಕರ್ಕೊಂಡು ಹೋಗ್ಲೇಬೇಕು. ಅದು ಮಾಧವರಾಯರೇ ಆಗ್ಬೇಕು ಅಂತೇನಿಲ್ಲ."

"ಸಾರ್..."

"ಯಾರಿಗೆ ಕೊಟ್ಟೆ?"

"ನಾನು ಕೆಟ್ಟದಕ್ಕೆ ಕೊಟ್ಟಿಲ್ಲ ಸಾರ್."

"ಯಾರಿಗೆ?"

ವಂಶಿ ತಲೆ ತಗ್ಗಿಸಿದ. "ಮುರಳಿಗೆ ಸಾರ್. ಆ ಹುಡುಗಿ ಅಣ್ಣ, ಮುರಳಿಮೋಹನ್."

ಬಾಗಿಲ ಬಳಿ ನಿಂತಿದ್ದ ಮುನಿಶಾಮಿ 'ತ್ಚು ತ್ಚು' ಎಂದ.

"ಯಾವತ್ತು?"

"ಅವಳು ಕಾಣೆಯಾದ ಮಾರನೇ ದಿನ ಸಾರ್. ಒಂದು ಹಳೇ ಲ್ಯಾಪ್‌ಟಾಪ್ ತಗೊಂಡು ಅಂಗಡಿಗೆ ಬಂದ. ಕಣ್ಣು ಕೆಂಡ ಆಗಿತ್ತು. 'ನನ್ ತಂಗಿ ಈ ಮನೆಯಿಂದಾನೇ ಹೋದೋಳು ವಂಶಿ. ಮಾಧವನ ಮೇಲೆ ಅನುಮಾನ. ಅವನು ಯಾರಿಗೆ ಏನು ಕಳಿಸ್ತಾನೆ ನೋಡ್ಬೇಕು. ಅವನ ನೆಟ್ಟಿಗೆ ನನ್ನ ಸೇರ್ಸು' ಅಂದ. ನಾನು ಆಗಲ್ಲ ಅಂದೆ. ಕಾಲಿಗೆ ಬಿದ್ದುಬಿಟ್ಟ ಸಾರ್. ನನಗೂ ಒಬ್ಳು ತಂಗಿ ಇದ್ದಾಳೆ. ಈ ಲ್ಯಾಪ್‌ಟಾಪಿನ ನಂಬರು ನನ್ ಬುಕ್ಕಲ್ಲಿ ಬರ್ಕೊಂಡಿದ್ದೆ. ಅದನ್ನೇ ಅವನದಕ್ಕೆ ಹಾಕ್ಕೊಟ್ಟೆ."

"ಇದನ್ನ ಇಷ್ಟು ದಿನ ಯಾಕೆ ಬೊಗಳಲಿಲ್ಲ?"

"ಭಯ ಆಯ್ತು ಸಾರ್."

ವೆಂಕಟರಾಯಪ್ಪ ಎದ್ದು ಕಿಟಕಿಗೆ ಹೋದರು. ಅವರ ಕಿವಿ ಸುಡುತ್ತಿತ್ತು. ಮುರಳಿ! ಆ ಹುಡುಗ ಠಾಣೆಯ ಹೊರಗೆ ಒಂದು ದಿನ ನಿಂತಿದ್ದದ್ದು ಅವರಿಗೆ ನೆನಪಿತ್ತು. ಒಳಗೆ ಬಾ ಎಂದು ಕರೆಯುವಷ್ಟರಲ್ಲಿ ಹೊರಟುಹೋಗಿದ್ದ. ತಂಗಿಯ ಹೆಸರಲ್ಲಿ ತನಗೇ ತಾನು ಮೇಲ್ ಬರೆದುಕೊಂಡು, ಅದನ್ನು ಅಳುವ ಅಪ್ಪನಿಗೆ ಓದಿ ಹೇಳುವವನು ಎಂಥ ಅಣ್ಣ? ತಂಗಿ ಬದುಕಿದ್ದಾಳೆ ಎಂದು ಊರಿಗೆ ತೋರಿಸಬೇಕಾದ ಅಗತ್ಯ ಯಾರಿಗೆ ಬರುತ್ತದೆ? ಉತ್ತರ ಅವರಿಗೆ ಗೊತ್ತಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಅಂಥವರನ್ನು ಇಬ್ಬರನ್ನು ಕಂಡಿದ್ದರು.

ವೇಮಗಲ್ಲಿನ ಫ್ಯಾಕ್ಟರಿಗೆ ಫೋನು ಹಚ್ಚಿದರು. ಸೂಪರ್‌ವೈಸರ್ ಬಂದ. ಮುರಳಿಮೋಹನ್ ಇದ್ದಾನೆಯೇ? ಇದ್ದಾನೆ ಸಾರ್, ಬೆಳಗ್ಗೆ ಆರರ ಶಿಫ್ಟಿಗೆ ಬಂದಿದ್ದಾನೆ, ಇಲ್ಲೇ ಕಣ್ಣೆದುರಿಗೆ ಮೆಷಿನ್ ಹತ್ರ ಇದ್ದಾನೆ. ಹೊರಗೆ ಹೋಗಿದ್ದನೇ? ಒಂದು ನಿಮಿಷಾನೂ ಇಲ್ಲ.

"ಅವನನ್ನ ಅಲ್ಲಿಂದ ಕದಲೋಕೆ ಬಿಡಬೇಡಿ" ಎಂದು ಫೋನಿಟ್ಟು ತಿರುಗಿದರು.

ಸುಮೇಧಾ ತೆರೆಯನ್ನೇ ನೋಡುತ್ತಿದ್ದಳು. "ಸರ್. ಆ ನಂಬರು ಇನ್ನೂ ಒಳಗಿದೆ. ಈ ಮಾಡೆಮ್ಮಿನ ಗಾಳಿ ಹೆಚ್ಚೆಂದರೆ ನೂರಡಿ ಹೋಗುತ್ತೆ. ಮುರಳಿ ವೇಮಗಲ್ಲಲ್ಲಿದ್ದರೆ..."

ಮಾತು ಮುಗಿಸಬೇಕಾಗಿರಲಿಲ್ಲ.

ಈಗ, ಈ ಹೊತ್ತಿನಲ್ಲಿ, ಈ ಮನೆಯ ನೂರಡಿಯೊಳಗೆ ಇನ್ನೊಬ್ಬರು ಕೂತಿದ್ದರು.

* * *

"ಯಾವ ದಿಕ್ಕು ಅಂತ ನಿನ್ನ ಪಟ್ಟಿ ಹೇಳಲ್ವೇನಮ್ಮಾ?"

"ಇಲ್ಲ ಸರ್."

"ದರಿದ್ರದ ಯಂತ್ರ! ಇದೆ ಅನ್ನುತ್ತೆ, ಎಲ್ಲಿ ಅನ್ನಲ್ಲ."

ಸುಮೇಧಾ ಮಾಡೆಮ್ಮನ್ನು ಕೈಗೆತ್ತಿಕೊಂಡಳು. ಉದ್ದ ತಂತಿ ಜೋಡಿಸಿ ಮುಂದಿನ ಜಗಲಿಯ ತುದಿಗೆ ಒಯ್ದು ಇಟ್ಟು ಬಂದಳು. ಎಲ್ಲರೂ ಕಾದರು. ಮೂರು ನಿಮಿಷಕ್ಕೆ ಪಟ್ಟಿಯಿಂದ ಎರಡನೇ ಸಾಲು ಮಾಯವಾಯಿತು.

"ಬೀದಿ ಕಡೆ ಇಟ್ಟರೆ ಅವರಿಗೆ ಸಿಗ್ತಿಲ್ಲ. ಅಂದ್ರೆ ಬೀದಿಯಲ್ಲಿಲ್ಲ. ಹಿಂದುಗಡೆ ಇಟ್ಟು ನೋಡ್ಬೇಕು."

ಹಿಂದುಗಡೆ ಅಂದರೆ ಅಡಿಗೆಮನೆ. ಕೃಷ್ಣಮ್ಮ ಬಾಗಿಲಿಗೆ ಅಡ್ಡ ನಿಂತಿದ್ದರು. ಮಡಿಯ ಅಡಿಗೆಮನೆ. ಅಲ್ಲಿಗೆ ಮಗನೂ ಸ್ನಾನವಾಗದೆ ಹೋಗುವಂತಿರಲಿಲ್ಲ. ಅವರು ಸುಮೇಧಾಳ ಕೈಯಲ್ಲಿದ್ದ ಡಬ್ಬವನ್ನು ನೋಡಿದರು, ನೆಲದ ಮೇಲೆ ಕೂತಿದ್ದ ಮಗನನ್ನು ನೋಡಿದರು.

"ಒಲೆ ಪಕ್ಕದ ಕಟ್ಟೆ ಮೇಲೆ ಇಡಮ್ಮ. ಕಿಟಕಿ ತೆಗೀತೀನಿ" ಎಂದು ದಾರಿ ಬಿಟ್ಟರು. "ನಾಳೆ ತೊಳ್ಕೊಂಡರಾಯ್ತು."

ಮಾಡೆಮ್ಮು ಕಟ್ಟೆಯ ಮೇಲೆ ಕೂತ ಎರಡೇ ನಿಮಿಷಕ್ಕೆ ಕಳ್ಳ ನಂಬರು ಪಟ್ಟಿಗೆ ಹಾರಿ ಬಂತು. ಈ ಸಲ ಕಡಿಯಲೂ ಇಲ್ಲ.

ಕಿಟಕಿಯಾಚೆ ಬಾವಿ, ಕರಿಬೇವಿನ ಗಿಡ, ಕಾಂಪೌಂಡು ಗೋಡೆ. ಗೋಡೆಯಾಚೆ ಹಿಂದಿನ ಓಣಿಗೆ ಮುಖ ಮಾಡಿದ ಹಳೆಯ ಮನೆ. ಕೆಳಗೆ ಬೀಗ, ಮನೆಯವರು ಕೋಲಾರದಲ್ಲಿದ್ದರು. ಮೇಲೆ ಒಂದೇ ಒಂದು ಕೋಣೆ, ಕಿಟಕಿಗೆ ಗೋಣಿತಾಟು.

"ಆ ಮಹಡಿ ಮೇಲೆ ಯಾರಮ್ಮಾ ಇರೋದು?" ಎಂದು ಕೇಳಿದರು ವೆಂಕಟರಾಯಪ್ಪ.

"ತುಂಬಾ ದಿನ ಖಾಲಿ ಇತ್ತು. ಈಗ ಒಂದು ವಾರದಿಂದ ಯಾರೋ ಹುಡುಗ ಬಾಡಿಗೆಗೆ ಬಂದಿದ್ದಾನೆ. ನೀಲಿ ಯೂನಿಫಾರ್ಮು. ಬೆಳಗ್ಗೆ ಕತ್ತಲಲ್ಲೇ ಬೀಗ ಹಾಕ್ಕೊಂಡು ಹೋಗ್ತಾನೆ, ಮಧ್ಯಾಹ್ನದ ಮೇಲೆ ಬರ್ತಾನೆ." ಕೃಷ್ಣಮ್ಮ ಕಿಟಕಿಗೆ ಬಾಗಿದರು. "ಒಂದು ವಿಚಿತ್ರ ನೋಡಿ. ಇರೋನು ಒಬ್ಬ. ಬರುವಾಗ ಹೋಟ್ಲಿಂದ ಎರಡು ಕ್ಯಾರಿಯರ್ ತರ್ತಾನೆ."

* * *

ಕಾನ್‌ಸ್ಟೇಬಲ್ಲನ್ನು ವಂಶಿಕೃಷ್ಣನ ಕಾವಲಿಗೆ ಬಿಟ್ಟು ವೆಂಕಟರಾಯಪ್ಪ ವ್ಯಾನು ಹತ್ತಿದರು. ಮುನಿಶಾಮಿ ಸುತ್ತು ಹೊಡೆದು ಹಿಂದಿನ ಓಣಿಗೆ ತಂದು, ಆ ಮನೆಯ ಕೆಳಗೇ ನಿಲ್ಲಿಸಿದ. ಸುಮೇಧಾಳೂ ಬಂದಳು, ಬೇಡ ಎಂದರೂ ಕೇಳಲಿಲ್ಲ.

ಮನೆಯ ಪಕ್ಕದಿಂದ ಕಡಿದಾದ ಕಲ್ಲು ಮೆಟ್ಟಿಲು. ಮೇಲೆ ಬಾಗಿಲಿಗೆ ಹೊರಗಿನಿಂದ ಹೊಸ ಬೀಗ, ಮುಷ್ಟಿಗಾತ್ರದ್ದು.

ವೆಂಕಟರಾಯಪ್ಪ ಬೀಗವನ್ನು ಎಳೆದು ನೋಡಿದರು. ಜಗ್ಗಲಿಲ್ಲ. ಬಾಗಿಲಿಗೆ ಮೂಗಿಟ್ಟು ಉಸಿರೆಳೆದುಕೊಂಡರು. ಇಂಥ ಬಾಗಿಲುಗಳ ಹಿಂದೆ ಏನು ಸಿಕ್ಕಿತ್ತೆಂಬುದನ್ನು ಅವರ ಮೂಗು ಮರೆತಿರಲಿಲ್ಲ. ಆದರೆ ಬಂದದ್ದು ಅನ್ನ ಸಾರಿನ ವಾಸನೆ ಅಷ್ಟೇ.

"ಮುನಿಶಾಮಿ! ಗಾಡೀಲಿರೋ ಜಾಕಿ ರಾಡ್ ತಗೊಂಡ್ ಬಾ. ಬೀಗ ಒಡೀಬೇಕು."

"ಈಗ್ಲೇ ತಂದೆ ಸಾರ್!" ಎಂದು ಕೆಳಗಿನಿಂದ ಕೂಗು ಬಂತು. ವ್ಯಾನಿನ ಹಿಂಬಾಗಿಲು ತೆಗೆದ ಸದ್ದು.

ಆಗ ಕೋಣೆಯ ಒಳಗೆ ಏನೋ ಸರಿದಾಡಿತು.

ವೆಂಕಟರಾಯಪ್ಪ ಬಾಗಿಲಿಗೆ ಬಾಯಿ ಹಚ್ಚಿದರು. "ಒಳಗೆ ಯಾರು? ನಾನು ಪೊಲೀಸ್ ಇನ್ಸ್‌ಪೆಕ್ಟರ್. ಹೆದರಬೇಡಿ."



ಸುಮೇಧಾ ಮೆಲ್ಲಗೆ ಹೇಳಿದಳು. "ರಮ್ಯ? ನಾನು ಕೋಲಾರದ ಸುಮೇಧಾ ಅಂತ. ನಿನ್ನ ನೆಟ್ಟು ಮಧ್ಯಾಹ್ನ ಸ್ವಲ್ಪ ಹೊತ್ತು ಹೋಗಿತ್ತಲ್ಲಾ, ಅದು ನಾನು ಮಾಡಿದ್ದು. ಬಾಗಿಲ ಹತ್ತಿರ ಬಾರಮ್ಮಾ."

ಬರಿಗಾಲಿನ ಹೆಜ್ಜೆ. ಬಾಗಿಲ ಸಂದಿಯ ಆಚೆ ಒಂದು ನೆರಳು ಬಂದು ನಿಂತಿತು.

"ಬೀಗ ಒಡೀಬೇಡಿ ಮೇಡಂ." ಸಣ್ಣ ದನಿ. "ಅಣ್ಣಂಗೆ ನಾನೇ ಹೇಳಿ ಹಾಕಿಸ್ಕೊಂಡಿರೋದು."

ವೆಂಕಟರಾಯಪ್ಪನವರ ಎದೆಯ ಮೇಲಿಂದ ಒಂಬತ್ತು ದಿನದ ಬಂಡೆ ಉರುಳಿತು. ಅದರ ಹಿಂದೆಯೇ ಸಿಟ್ಟು ನುಗ್ಗಿ ಬಂತು. "ಏನಮ್ಮಾ ನೀನು! ನಿಮ್ಮಪ್ಪ ಅನ್ನ ನೀರು ಬಿಟ್ಟು ಠಾಣೆ ಮುಂದೆ ಕೂತಿದ್ದಾನೆ. ಏನೂ ತಪ್ಪು ಮಾಡದ ಆ ಮಾಧವರಾಯರು ಜೈಲಿಗೆ ಹೋಗೋದ್ರಲ್ಲಿದ್ರು. ದೂರದ ಊರಲ್ಲಿದ್ದೀನಿ ಅಂತ ಬರ್ಕೊಂಡು ಇಲ್ಲಿ ಕೂತಿದ್ದೀಯಾ?"

"ಜೈಲಾ? ನನಗೆ ಗೊತ್ತಿರಲಿಲ್ಲ ಸಾರ್. ಎಲ್ರೂ ನಂಬ್ಲಿ ಅಂತ ಬರೆದೆ. ನಾನು ಊರಲ್ಲಿಲ್ಲ ಅಂತ ಅವನು ನಂಬ್ಬೇಕಿತ್ತು."

"ಅವನು ಅಂದ್ರೆ ಯಾರು? ಇದನ್ನ ಠಾಣೆಗೆ ಬಂದು ಹೇಳೋದಕ್ಕೇನಾಗಿತ್ತು?"

"ಅಣ್ಣ ಹೇಳೋಕೆ ಅಂತ ಬಂದಿದ್ದ ಸಾರ್. ಠಾಣೆ ಮುಂದೆ ನಿಂತು, ನೋಡಿ, ವಾಪಸ್ ಬಂದ."

"ಏನು ನೋಡಿ?"

 ಒಳಗೆ ಹೆಜ್ಜೆಗಳು ಓಣಿ ಕಡೆಯ ಕಿಟಕಿಗೆ ಹೋದವು. ಅಲ್ಲೂ ಗೋಣಿತಾಟು ಸರಿದ ಸದ್ದಾಯಿತು. ಆಮೇಲೆ ಆ ಹೆಜ್ಜೆಗಳು ಓಡಿ ವಾಪಸ್ ಬಂದವು. ಈ ಸಲ ಅವಳ ದನಿ ಪಿಸುಮಾತಾಗಿತ್ತು.

"ಸಾರ್, ಕೆಳಗೆ ನಿಂತಿರೋ ಬಿಳಿ ವ್ಯಾನು ಯಾರ್ದು?"

"ನಂದೇ. ಜೀಪು ಕೆಟ್ಟಿದೆ ಅಂತ ಬಾಡಿಗೆಗೆ ತಗೊಂಡಿದ್ದೀನಿ. ಯಾಕೆ?"

"ಅವತ್ತು ಸಂಜೆ ಬಸ್‌ಸ್ಟ್ಯಾಂಡ್ ಹತ್ರ, 'ನಾನೂ ತಾಯಲೂರಿಗೇ ಹೋಗ್ತಿದ್ದೀನಿ, ಹತ್ತಮ್ಮಾ' ಅಂತ ಹತ್ತಿಸ್ಕೊಂಡಿದ್ದು ಅದೇ ವ್ಯಾನು ಸಾರ್. ಹಿಂದಿನ ಸೀಟಲ್ಲಿ ಇನ್ನೊಬ್ಳು ಹುಡುಗಿ ಮಲಗಿದ್ಲು. ಎಬ್ಬಿಸಿದ್ರೆ ಏಳ್ಲಿಲ್ಲ. ಗಾಡಿ ನಿಧಾನ ಆದಾಗ ನಾನು ಹಾರ್ಕೊಂಡೆ. ಅವಳು ಅದ್ರಲ್ಲೇ..."

ಸುಮೇಧಾಳ ಕೈ ವೆಂಕಟರಾಯಪ್ಪನವರ ತೋಳನ್ನು ಬಿಗಿಯಾಗಿ ಹಿಡಿಯಿತು.

ಶ್ರೀನಿವಾಸಪುರದ ಮಂಡಿಯ ಸುದ್ದಿ ತಂದವನು ಯಾರು? ಮಾಲೂರಿನ ಲಾಡ್ಜಿನ ಸುದ್ದಿ? ಒಂದು ವಾರದಿಂದ ತಾವು ಎಲ್ಲಿ ಹೋದರೂ, ಯಾರ ಜೊತೆ ಏನು ಮಾತಾಡಿದರೂ, ಎರಡು ಮಾರು ದೂರದಲ್ಲಿ ಸ್ಟೀರಿಂಗ್ ಹಿಡಿದು ಕೇಳಿಸಿಕೊಂಡವನು ಯಾರು? ವೆಂಕಟರಾಯಪ್ಪನವರ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಇವತ್ತು ಮಫ್ತಿಯಲ್ಲಿ ಬಂದಿದ್ದರು. ಸೊಂಟದಲ್ಲಿ ಬೆಲ್ಟು ಬಿಟ್ಟರೆ ಬೇರೇನೂ ಇರಲಿಲ್ಲ.

ಕಲ್ಲು ಮೆಟ್ಟಿಲಿಗೆ ಕಬ್ಬಿಣ ತಾಗುವ ಸದ್ದು ಕೇಳಿಸಿತು. ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು. ಆಮೇಲೆ ತಿರುವಿನಲ್ಲಿ ಮುನಿಶಾಮಿಯ ತಲೆ ಕಾಣಿಸಿತು. ಅವನು ನಗುತ್ತಿದ್ದ.

"ರಾಡ್ ಸಿಕ್ತು ಸಾರ್. ನೀವಿಬ್ರೂ ಒಸಿ ಆ ಕಡೆ ಸರ್ಕೊಳ್ಳಿ, ನಾನೇ ಒಡೀತೀನಿ."